ಹಿಂದಿನಿಂದ ಬೀಳುವ ಬೆಳಕು: ಮನೆಗೆ ರಿಯರ್ ಪ್ರೊಜೆಕ್ಷನ್ ಟಿ.ವಿ. ಆರಿಸುವ ಮುನ್ನ

ಕಳೆದ ತಿಂಗಳು ನಮ್ಮ ಸಂಘದ ಗ್ರಂಥಾಲಯದಲ್ಲಿ ಭೇಟಿಯಾದ ಹಿರಿಯ ಸದಸ್ಯರೊಬ್ಬರು ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಅವರ ಸಂಬಂಧಿಕರೊಬ್ಬರು ನವಿ ಮುಂಬಯಿಯ ಮನೆಯನ್ನು ತೆರವು ಮಾಡಿ ಊರಿಗೆ ಮರಳುತ್ತಿದ್ದಾರೆ. ಹೋಗುವ ಮುನ್ನ ತಮ್ಮಲ್ಲಿರುವ 50 ಇಂಚಿನ ಹಳೆಯ ರಿಯರ್ ಪ್ರೊಜೆಕ್ಷನ್ ಟಿ.ವಿ.ಯನ್ನು ಅತ್ಯಲ್ಪ ಬೆಲೆಗೆ ಕೊಡಲು ಸಿದ್ಧರಿದ್ದಾರಂತೆ. 'ಮನೆಯಲ್ಲಿ ತಂದೆಯವರಿಗೆ ತೊಂಬತ್ತರ ಸಮೀಪ. ದೊಡ್ಡ ಪರದೆಯಾದರೆ ಅವರಿಗೆ ಅನುಕೂಲ. ತೆಗೆದುಕೊಳ್ಳಲೋ ಬೇಡವೋ?' ಎಂದು ಕೇಳಿದರು. ಅಂತಹದೇ ಟಿ.ವಿ.ಯೊಂದನ್ನು ಅಂತಹದೇ ಕಾರಣಕ್ಕಾಗಿ ಕೊಂಡು ಹಲವು ವರ್ಷ ಬಳಸಿದವನೆಂಬ ಕಾರಣಕ್ಕೆ ಈ ಪ್ರಶ್ನೆ ನನಗೆ ಬಂತು. ನಿಂತಲ್ಲೇ ಉತ್ತರಿಸಲು ಆಗಲಿಲ್ಲ. ಬರೆದು ತಿಳಿಸುತ್ತೇನೆಂದು ಹೇಳಿದ್ದೆ. ಇತರರಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ತಂತ್ರಜ್ಞನಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಆಯುಷ್ಯ ಕಳೆದವನು. ಆದರೆ ಕೈಯಿಂದ ಹಣ ಹೋದ ವಿಷಯವನ್ನು ಮನುಷ್ಯ ಶ್ರದ್ಧೆಯಿಂದ ಓದುತ್ತಾನೆ ಎಂಬುದಕ್ಕೆ ನಾನೇ ಸಾಕ್ಷಿ.

2006ರಲ್ಲಿ ನಾವು ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿದ್ದೆವು. ತಾಯಿಯವರಿಗೆ ಎಪ್ಪತ್ತಾರು ವರ್ಷ. ಅಕ್ಷಿಪಟಲದ ನಡುಭಾಗ ವಯಸ್ಸಿನಿಂದ ಸವೆದು ಎದುರಿಗಿದ್ದವರ ಮುಖವೂ ಮಸುಕಾಗತೊಡಗಿತ್ತು. ಅವರಿಗಿದ್ದ ಒಂದೇ ಒಂದು ಹವ್ಯಾಸವೆಂದರೆ ಊರಿನಿಂದ ತರಿಸಿದ ಯಕ್ಷಗಾನದ ವಿ.ಸಿ.ಡಿ.ಗಳನ್ನು ನೋಡುವುದು. 21 ಇಂಚಿನ ಹಳೆಯ ಟಿ.ವಿ.ಯಲ್ಲಿ ಅವರಿಗೆ ವೇಷಗಳ ಗುರುತು ಹತ್ತುತ್ತಿರಲಿಲ್ಲ. ಭಾಗವತರ ಪದವನ್ನು ಕೇಳಿ ಇದು ಯಾರ ಪ್ರವೇಶವೆಂದು ಊಹಿಸುತ್ತಿದ್ದರು. ದೊಡ್ಡ ಪರದೆ ಬೇಕೆಂದು ನಿಶ್ಚಯಿಸಿದೆ. ಆಗ 50 ಇಂಚಿನ ಪ್ಲಾಸ್ಮಾ ಟಿ.ವಿ. ನನ್ನಂಥವನ ಕೈಗೆಟುಕುವಂತಿರಲಿಲ್ಲ. ಅಷ್ಟೇ ಗಾತ್ರದ ರಿಯರ್ ಪ್ರೊಜೆಕ್ಷನ್ ಟಿ.ವಿ. ಅದಕ್ಕಿಂತ ಬಹಳ ಅಗ್ಗ. ಸಿಬ್ಬಂದಿಗೆ ದೊರೆಯುವ ಸಾಲ ಪಡೆದು ಕೊಂಡೆ.

ಈ ಬಗೆಯ ಟಿ.ವಿ. ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ನೋಡೋಣ. ಸಿನಿಮಾ ಮಂದಿರದಲ್ಲಿ ಬೆಳಕು ನಮ್ಮ ಬೆನ್ನ ಹಿಂದಿನಿಂದ ಬಂದು ಪರದೆಗೆ ತಾಗಿ ಮರಳುತ್ತದೆ. ರಿಯರ್ ಪ್ರೊಜೆಕ್ಷನ್ ಟಿ.ವಿ.ಯಲ್ಲಿ ಪ್ರಕ್ಷೇಪಕವು ಪೆಟ್ಟಿಗೆಯ ತಳದಲ್ಲಿ ಅಡಗಿರುತ್ತದೆ. ಅದರ ಬೆಳಕು ಪೆಟ್ಟಿಗೆಯ ಹಿಂಗೋಡೆಯಲ್ಲಿ ಓರೆಯಾಗಿ ನಿಲ್ಲಿಸಿದ ಕನ್ನಡಿಗೆ ಬಡಿದು, ಪರದೆಯ ಹಿಂಬದಿಗೆ ಬಿದ್ದು, ಅದನ್ನು ಹಾದು ನಮ್ಮ ಕಡೆಗೆ ಬರುತ್ತದೆ. ನಮ್ಮ ತೊಗಲುಗೊಂಬೆಯಾಟದ ಏರ್ಪಾಡೂ ಹೆಚ್ಚುಕಡಿಮೆ ಇದೇ: ದೀಪ ಹಿಂದೆ, ಪರದೆ ನಡುವೆ, ಪ್ರೇಕ್ಷಕ ಮುಂದೆ.

ಈ ಟಿ.ವಿ.ಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿದ್ದವು. ಎಲ್ಲಕ್ಕಿಂತ ಹಳೆಯವುಗಳಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದರಂತೆ ಮೂರು ಚಿತ್ರನಳಿಕೆಗಳಿರುತ್ತಿದ್ದವು. ಕಪ್ಪು ಬಣ್ಣ ಕಪ್ಪಾಗಿಯೇ ಕಾಣುತ್ತಿತ್ತು, ಚಿತ್ರ ಸುಂದರ. ಆದರೆ ಮೂರೂ ಚಿತ್ರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದಿದ್ದರೆ ಅಕ್ಷರಗಳ ಅಂಚಿಗೆ ಬಣ್ಣ ಸೋರುತ್ತಿತ್ತು. ದೊಡ್ಡ ಸೆಟ್ಟುಗಳ ತೂಕ ನೂರು ಕಿಲೊ ಮೀರುತ್ತಿತ್ತು. ಮುಂದೆ ಎಲ್.ಸಿ.ಡಿ. ಫಲಕಗಳವು ಬಂದವು. ಸೋನಿ, ಜೆ.ವಿ.ಸಿ. ಸಂಸ್ಥೆಗಳು ಸಿಲಿಕಾನ್ ಬಿಲ್ಲೆಯ ಮೇಲೆ ದ್ರವಸ್ಫಟಿಕ ಹಾಸಿದ ಇನ್ನೊಂದು ಬಗೆಯನ್ನು ತಂದವು. ನಾಲ್ಕನೆಯದು ಡಿ.ಎಲ್.ಪಿ. ನಾನು ಕೊಂಡಿದ್ದೂ ಅದನ್ನೇ.

ಡಿ.ಎಲ್.ಪಿ.ಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅದರ ಮೂಲವಾದ ಬಿಲ್ಲೆಯನ್ನು 1987ರಲ್ಲಿ ರೂಪಿಸಿದವರು ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್. ಸಿನಿಮಾ ಪ್ರದರ್ಶನಕ್ಕೆ ಇದರಿಂದಾದ ಉಪಕಾರಕ್ಕಾಗಿ ಅವರಿಗೆ 2015ರಲ್ಲಿ ಆಸ್ಕರ್ ಪ್ರತಿಮೆಯೂ ಸಂದಿತು. ಬೆರಳುಗುರಿನಷ್ಟು ಅಗಲದ ಆ ಬಿಲ್ಲೆಯ ಮೇಲೆ ಲಕ್ಷಗಟ್ಟಲೆ ಪುಟಾಣಿ ಕನ್ನಡಿಗಳಿರುತ್ತವೆ. ಒಂದೊಂದೂ ಕೂದಲೆಳೆಗಿಂತ ಎಷ್ಟೋ ಕಿರಿದು. ಪ್ರತಿಯೊಂದು ಕನ್ನಡಿಯೂ ಸೆಕೆಂಡಿಗೆ ಸಾವಿರಾರು ಬಾರಿ ಅತ್ತ ಇತ್ತ ವಾಲಿ ಬೆಳಕನ್ನು ಪರದೆಗೆ ಕಳಿಸುತ್ತದೆ ಅಥವಾ ಪಕ್ಕಕ್ಕೆ ಸರಿಸುತ್ತದೆ. 1280ಕ್ಕೆ 720ರ ಬಿಲ್ಲೆಯಲ್ಲಿ ಇಂತಹ ಕನ್ನಡಿಗಳು 9,21,600. ಕನ್ನಡಿಗರ ಮನೆಗೆ ಒಂಬತ್ತು ಲಕ್ಷ ಕನ್ನಡಿಗಳು ಬಂದವೆಂದು ಗೆಳೆಯರು ಆಗ ತಮಾಷೆ ಮಾಡಿದ್ದುಂಟು. ಬಿಲ್ಲೆಗೆ ಬಣ್ಣ ತಿಳಿಯದು. ದೀಪದ ಎದುರು ಬಣ್ಣಬಣ್ಣದ ಗಾಜಿನ ಚಕ್ರವೊಂದು ಸೆಕೆಂಡಿಗೆ ನೂರು ಅಥವಾ ಅದಕ್ಕಿಂತ ಹೆಚ್ಚು ಸುತ್ತು ಸುತ್ತುತ್ತ ಕೆಂಪು, ಹಸಿರು, ನೀಲಿ ಬೆಳಕನ್ನು ಸರದಿಯಂತೆ ಒದಗಿಸುತ್ತದೆ. ಮೂರನ್ನೂ ಬೆರೆಸುವ ಕೆಲಸ ನಮ್ಮ ಕಣ್ಣಿನದು. ಕೆಲವರಿಗೆ, ದೃಷ್ಟಿಯನ್ನು ಥಟ್ಟನೆ ಹೊರಳಿಸಿದಾಗ, ಬಿಳಿ ಅಕ್ಷರಗಳ ಸುತ್ತ ಕಾಮನಬಿಲ್ಲಿನ ಮಿಂಚು ಕಾಣುತ್ತದೆ. ನನ್ನ ಪತ್ನಿಗೆ ಕಂಡಿತು, ನನಗೆ ಇಂದಿಗೂ ಕಂಡಿಲ್ಲ. 1080 ಗೆರೆಗಳೆಂದು ಮಾರಾಟವಾದ ಆ ಕಾಲದ ಹಲವು ಸೆಟ್ಟುಗಳಲ್ಲಿ ಕನ್ನಡಿಗಳು ಅರ್ಧದಷ್ಟೇ ಇದ್ದು, ಚಿತ್ರವನ್ನು ಕ್ಷಣಾರ್ಧದಲ್ಲಿ ತುಸು ಸರಿಸಿ ಒಂದು ಕನ್ನಡಿಯಿಂದ ಎರಡು ಚುಕ್ಕೆಗಳ ಕೆಲಸ ಮಾಡಿಸಲಾಗುತ್ತಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಇನ್ನು ದೀಪದ ವಿಚಾರ. ಚಿತ್ರನಳಿಕೆಯ ಬಗೆಯನ್ನು ಬಿಟ್ಟರೆ ಉಳಿದ ಬಹುತೇಕ ಸೆಟ್ಟುಗಳ ಜೀವ ಒಂದು ಪಾದರಸದ ದೀಪ. ಅದರ ಆಯುಷ್ಯ 6,000 ಗಂಟೆಯೆಂದು ನನ್ನ ಪುಸ್ತಿಕೆಯಲ್ಲಿ ಮುದ್ರಿಸಿತ್ತು. ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ 1,825 ಗಂಟೆಯಾಗುತ್ತದೆ. ಮೂರೂಕಾಲು ವರ್ಷಕ್ಕೆ ಒಂದು ದೀಪ. ಸಾಲದ ಕಂತಿನ ಲೆಕ್ಕವನ್ನು ಪೈಸೆಪೈಸೆಗೂ ಹಾಕಿದ್ದ ನಾನು, ಹಲವು ಸಾವಿರ ರೂಪಾಯಿಯ ಈ ಮರುಕಳಿಸುವ ಖರ್ಚನ್ನು ಹಾಕಿರಲೇ ಇಲ್ಲ. ಇದಕ್ಕಿಂತ ಮುಖ್ಯವಾದುದು ಬೇರೊಂದಿದೆ. ಪುಸ್ತಿಕೆಯ ಆಯುಷ್ಯವೆಂದರೆ ದೀಪ ಆರಿಹೋಗುವ ಗಳಿಗೆಯಲ್ಲ, ಅದರ ಬೆಳಕು ಅರ್ಧಕ್ಕಿಳಿಯುವ ಗಳಿಗೆ. ದಿನದಿನಕ್ಕೆ ಎಳ್ಳಷ್ಟೆಳ್ಳಷ್ಟೇ ಕುಂದುವುದರಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಜೊತೆಗೆ ಆ ವರ್ಷಗಳಲ್ಲಿ ನಮ್ಮ ಕಡೆ ಲೋಡ್‌ಶೆಡ್ಡಿಂಗ್ ಕಾಟ. ವಿದ್ಯುತ್ ಹೋದಾಗ ದೀಪದ ಜೊತೆಗೆ ಅದನ್ನು ತಣಿಸುವ ಫ್ಯಾನೂ ನಿಲ್ಲುತ್ತದೆ, ಕಾದ ದೀಪ ತನ್ನ ಬಿಸಿಯಲ್ಲೇ ಬೇಯುತ್ತದೆ. ಯು.ಪಿ.ಎಸ್. ಇಲ್ಲದೆ ಇಂತಹ ಟಿ.ವಿ. ಇಡಬಾರದೆಂದು ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟಾದರೂ ನಾನು ಎಡವಿದ್ದು ದೀಪದಲ್ಲಲ್ಲ, ಪರದೆಯಲ್ಲಿ.

ಪರದೆ ಎಂದರೆ ಬರಿಯ ಬಿಳಿ ಹಾಳೆಯೆಂದು ನಾನು ತಿಳಿದಿದ್ದೆ. ವಾಸ್ತವವಾಗಿ ಅದರಲ್ಲಿ ಎರಡು ಪದರಗಳಿರುತ್ತವೆ. ಒಳಗಿನದು ಫ್ರೆನೆಲ್ ಮಸೂರ. ಪ್ರಕ್ಷೇಪಕದಿಂದ ಹರಡಿಕೊಂಡು ಬರುವ ಕಿರಣಗಳನ್ನು ಅದು ನೇರ ಮುಂದಕ್ಕೆ ತಿರುಗಿಸುತ್ತದೆ. ಹೊರಗಿನ ಪದರದಲ್ಲಿ ಮೇಲಿನಿಂದ ಕೆಳಕ್ಕೆ ಓಡುವ ಸಾವಿರಾರು ಸೂಕ್ಷ್ಮ ಏಣುಗಳಿರುತ್ತವೆ. ಅವು ಬೆಳಕನ್ನು ಎಡಕ್ಕೂ ಬಲಕ್ಕೂ ಧಾರಾಳವಾಗಿ ಚೆಲ್ಲುತ್ತವೆ, ಮೇಲಕ್ಕೂ ಕೆಳಕ್ಕೂ ಬಲು ಜಿಪುಣತನದಿಂದ ಚೆಲ್ಲುತ್ತವೆ. ಹೀಗೆ ಮಾಡುವುದರಿಂದ ಎದುರು ಕುಳಿತವನಿಗೆ ಚಿತ್ರ ಹೆಚ್ಚು ಪ್ರಕಾಶಮಾನವಾಗಿ ಕಾಣುತ್ತದೆ. ಆದರೆ ಒಟ್ಟು ಬೆಳಕು ಹೆಚ್ಚಾಗಿರುವುದಿಲ್ಲ. ಒಂದು ಖಾತೆಯಿಂದ ತೆಗೆದು ಇನ್ನೊಂದು ಖಾತೆಗೆ ಜಮಾ ಮಾಡಿದಂತೆ, ಮೇಲೆ ಕೆಳಗೆ ಹೋಗಬೇಕಾದುದನ್ನು ನಡುವೆ ಸುರಿದಿರುತ್ತಾರೆ. ಕಣ್ಣು ಪರದೆಯ ನಡುಮಟ್ಟದಿಂದ ಹತ್ತು ಡಿಗ್ರಿಯಷ್ಟು ಮೇಲೋ ಕೆಳಗೋ ಸರಿದರೆ ಬೆಳಕು ಅರ್ಧಕ್ಕಿಳಿಯುವುದು ಈ ಟಿ.ವಿ.ಗಳಲ್ಲಿ ಸಾಮಾನ್ಯ.

ಸೋಫಾದ ಮೇಲೆ ಸಾಲಾಗಿ, ಒಂದೇ ಎತ್ತರದಲ್ಲಿ, ದೂರ ಕೂರುವ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪರದೆ ಅದು. ನಮ್ಮ ಮನೆಗಳಲ್ಲಿ ಒಬ್ಬರು ಕುರ್ಚಿಯಲ್ಲಿ, ಒಬ್ಬರು ಮಂಚದ ಅಂಚಿನಲ್ಲಿ, ಮಕ್ಕಳು ಚಾಪೆಯ ಮೇಲೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತವರೊಬ್ಬರು.

ನನ್ನ ತಾಯಿ ನೆಲದ ಮೇಲೆಯೇ ಕೂರುವವರು. ಕುರ್ಚಿ ಅವರಿಗೆ ಒಗ್ಗದು. ಕಣ್ಣು ಮಂದವಾದ್ದರಿಂದ ಟಿ.ವಿ.ಗೆ ನಾಲ್ಕೇ ಅಡಿ ದೂರದಲ್ಲಿ ಕೂರುತ್ತಿದ್ದರು. ಟಿ.ವಿ. 22 ಇಂಚಿನ ಮೇಜಿನ ಮೇಲಿತ್ತು, ಪರದೆಯ ಮಧ್ಯಬಿಂದು ನೆಲದಿಂದ 40 ಇಂಚು. ನೆಲದ ಮೇಲೆ ಕುಳಿತ ಅವರ ಕಣ್ಣಿನ ಎತ್ತರ 28 ಇಂಚು. 48 ಇಂಚು ದೂರಕ್ಕೆ 12 ಇಂಚು ಏರು ಎಂದರೆ 14 ಡಿಗ್ರಿ. ಪರದೆಯ ಮೇಲಂಚಿಗೆ ಲೆಕ್ಕ ಹಾಕಿದರೆ 27 ಡಿಗ್ರಿ ಹತ್ತಿರ. ಒಂಬತ್ತು ಅಡಿ ದೂರದ ಸೋಫಾದಲ್ಲಿ ನನ್ನ ಕಣ್ಣಿನ ಎತ್ತರ ಸರಿಯಾಗಿ 40 ಇಂಚು. ನನಗೆ ಕಾಣುತ್ತಿದ್ದ ಚಿತ್ರ ಅವರಿಗೆ ಕಾಣುತ್ತಿರಲೇ ಇಲ್ಲ. ಈ ಲೆಕ್ಕವನ್ನು ಹಾಕಲು ಒಂದು ಅಳತೆ ಪಟ್ಟಿ ಸಾಕು. ಆದರೆ ನಾನು ಹಾಕಿದ್ದು ಮೂರು ವರ್ಷಗಳ ಮೇಲೆ.

ಟಿ.ವಿ. ಬಂದ ಮೊದಲ ವಾರ ಅವರು 'ಕೃಷ್ಣ ಸಂಧಾನ' ಪ್ರಸಂಗ ನೋಡುತ್ತಿದ್ದಾಗ, 'ಇದೇನು ದೊಂದಿ ಬೆಳಕಿನ ಆಟವೋ? ಕಿರೀಟವೇ ಕಾಣುವುದಿಲ್ಲವಲ್ಲ' ಎಂದಿದ್ದರು. ಹಿಂದಿನ ಕಾಲದ ನೆನಪಿನಿಂದ ಆಡಿದ ತಮಾಷೆಯೆಂದು ನಕ್ಕೆವು. ಅನಂತರವೂ ಎರಡು ಮೂರು ಬಾರಿ ಹೇಳಿದರು. ನಾನು ಅವರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದೆ, ಕನ್ನಡಕ ಬದಲಾಯಿಸಿದೆ. ದೃಷ್ಟಿ ಇನ್ನಷ್ಟು ಕುಂದಿದೆಯೆಂದೇ ನಂಬಿದ್ದೆ, ಅವರೂ ಹಾಗೆಯೇ ನಂಬಿದರು. ಕ್ರಮೇಣ ಹೇಳುವುದನ್ನು ಬಿಟ್ಟುಬಿಟ್ಟರು. ಗೋಡೆಗೊರಗಿ ಕಣ್ಣು ಮುಚ್ಚಿ ಪದ ಕೇಳುತ್ತಿದ್ದರು.

2009ರಲ್ಲಿ ದೀಪ ಬದಲಿಸಲು ಬಂದ ತರುಣ ಮೆಕ್ಯಾನಿಕ್, ಹೊಸ ದೀಪ ಹಾಕಿದ ಮೇಲೆ, ಕೆಳಗಿನ ಮುಚ್ಚಳದ ತಿರುಪು ಬಿಗಿಮಾಡುತ್ತ ನೆಲದ ಮೇಲೆ ಕುಳಿತೇ ತಲೆಯೆತ್ತಿ ನೋಡಿದ. 'ಇಲ್ಲಿ ಯಾರಾದರೂ ಕೂರುತ್ತಾರೆಯೇ?' ಎಂದು ಹಿಂದಿಯಲ್ಲಿ ಕೇಳಿದ. ಅಮ್ಮ ಕೂರುತ್ತಾರೆ ಎಂದೆ. 'ಇಲ್ಲಿಂದ ಏನೂ ಕಾಣುವುದಿಲ್ಲ ಸಾಹೇಬರೇ, ನೀವೇ ಕೂತು ನೋಡಿ' ಎಂದ. ಕುಳಿತೆ. ಹೊಸ ದೀಪವಿದ್ದರೂ ಪರದೆಯ ಮೇಲರ್ಧ ಸಂಜೆಗತ್ತಲೆಯಂತಿತ್ತು.

ಅಂದೇ ಮೇಜನ್ನು ತೆಗೆದು ಎಂಟು ಇಂಚಿನ ಮರದ ಪೀಠದ ಮೇಲೆ ಟಿ.ವಿ.ಯನ್ನಿಟ್ಟೆವು. ಸೋಫಾ ಮೂಲೆ ಸೇರಿತು, ನಾವೂ ಚಾಪೆಗೆ ಇಳಿದೆವು. ಸುಧಾರಣೆಯಲ್ಲಿ ಒಂದು ಪಾಲು ಹೊಸ ದೀಪದ್ದೆಂಬುದನ್ನೂ ಒಪ್ಪಿಕೊಳ್ಳಬೇಕು. ಆದರೆ ಆ ರಾತ್ರಿ ತಾಯಿಯವರು ಕೌರವನ ವೇಷ ರಂಗಕ್ಕೆ ಬಂದೊಡನೆ, ಪದ ಮುಗಿಯುವ ಮೊದಲೇ, ಅವನ ಹೆಸರು ಹೇಳಿದರು. ಇನ್ನೂ ಎರಡು ವರ್ಷ ಹಾಗೆ ನೋಡಿದರು.

ಚಿತ್ರದ ಸ್ಪಷ್ಟತೆಯ ಬಗ್ಗೆಯೂ ಸ್ವಲ್ಪ ಹೇಳುವುದಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಸೂಕ್ಷ್ಮವನ್ನು ಗುರುತಿಸಬಲ್ಲದೆಂಬುದು ಸ್ಥೂಲ ನಿಯಮ. 50 ಇಂಚಿನ ಅಗಲ ಪರದೆಯ ಎತ್ತರ ಇಪ್ಪತ್ತನಾಲ್ಕೂವರೆ ಇಂಚು. ನಮ್ಮ ಹಳೆಯ ಕೇಬಲ್ಲಿನ ಚಿತ್ರದಲ್ಲಿ ಕಾಣುವ ಗೆರೆಗಳು 576. ಅವು ಒಂದಕ್ಕೊಂದು ಬೆಸೆದು ಕಾಣಬೇಕಾದರೆ ಹನ್ನೆರಡು ಅಡಿ ದೂರ ಕೂರಬೇಕು. ನಮ್ಮ ಹಾಲ್ ಇದ್ದದ್ದೇ ಹತ್ತಡಿ ಚಿಲ್ಲರೆ. ವಿ.ಸಿ.ಡಿ.ಯಲ್ಲಿ ಗೆರೆಗಳು 288 ಮಾತ್ರ, ಅದಕ್ಕೆ ಇಪ್ಪತ್ತನಾಲ್ಕು ಅಡಿ ಬೇಕು, ಎಂದರೆ ಗೋಡೆ ಒಡೆದು ಪಕ್ಕದ ಮನೆಯವರ ಹಾಲಿನಲ್ಲಿ ಕೂರಬೇಕು! 1080 ಗೆರೆಗಳ ಚಿತ್ರಕ್ಕೆ ಆರೂವರೆ ಅಡಿ ಸಾಕು. ಆದರೆ ನಮ್ಮ ದೂರದರ್ಶನದಲ್ಲಿ ಅಂತಹ ಪ್ರಸಾರ ಬಂದದ್ದು 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ. ಅದುವರೆಗೆ ಅಷ್ಟು ದೊಡ್ಡ ಪರದೆಗೆ ತಕ್ಕ ಚಿತ್ರವೇ ಮನೆಗೆ ಬರುತ್ತಿರಲಿಲ್ಲ. ನನಗಾಗಿ ಕೊಳ್ಳುವುದಾಗಿದ್ದರೆ 29 ಇಂಚಿನ ಹಳೆಯ ಬಗೆಯ ಟಿ.ವಿ.ಯೇ ಲೇಸಿತ್ತು. ತಾಯಿಯವರ ವಿಷಯ ಬೇರೆ. ಮಂದದೃಷ್ಟಿಯವರಿಗೆ ಗೆರೆಗಳು ಒಡೆದು ಕಾಣುವುದರಿಂದ ನಷ್ಟವಿಲ್ಲ. ಅವರಿಗೆ ಬೇಕಾದುದು ಗಾತ್ರ, ಬೆಳಕು, ಕಪ್ಪು ಬಿಳುಪುಗಳ ಎದ್ದುಕಾಣುವ ಅಂತರ. ಇವುಗಳಲ್ಲಿ ಗಾತ್ರವೊಂದನ್ನು ನೋಡಿ ನಾನು ಹಣ ಕೊಟ್ಟಿದ್ದೆ.

ತೆಳ್ಳಗಿನ ಎಲ್.ಸಿ.ಡಿ. ಟಿ.ವಿ.ಗಳ ಬೆಲೆ ಇಳಿದಂತೆ ಈ ದಪ್ಪ ಪೆಟ್ಟಿಗೆಗಳಿಗೆ ಮಾರುಕಟ್ಟೆಯಲ್ಲಿ ಜಾಗವಿಲ್ಲದಾಯಿತು. ಸೋನಿ ಸಂಸ್ಥೆ ಇವುಗಳ ತಯಾರಿಕೆಯನ್ನು ಬಿಡುವುದಾಗಿ 2007ರ ಕೊನೆಯಲ್ಲಿ ಪ್ರಕಟಿಸಿತು. 92 ಇಂಚಿನವರೆಗೂ ಮಾಡಿ ಮಾರಿದ ಮಿತ್ಸುಬಿಷಿ ಕೊನೆಯದಾಗಿ 2012ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಹಾಗಾಗಿ ಇಂದು ಯಾರ ಬಳಿ ಇಂತಹ ಟಿ.ವಿ. ಇದ್ದರೂ ಅದಕ್ಕೆ ಹತ್ತು ವರ್ಷ ದಾಟಿದೆ.

ಈಗ ನಮ್ಮ ಹಿರಿಯರ ಪ್ರಶ್ನೆಗೆ ಬರುತ್ತೇನೆ. ತೆಗೆದುಕೊಳ್ಳಬೇಡಿ ಎಂಬುದೇ ನನ್ನ ಸಲಹೆ. ಸಂಬಂಧಿಕರ ಮಾತು ಮೀರಲಾಗದಿದ್ದರೆ ಮೊದಲು ಮೆನುವಿನಲ್ಲಿ ದೀಪ ಉರಿದ ಗಂಟೆಗಳನ್ನು ನೋಡಿ. ಅದೇ ಮಾದರಿಯ ದೀಪ, ಕವಚಸಮೇತ, ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿ. ಪರದೆಯನ್ನು ಪೂರ್ತಿ ಕಪ್ಪಾಗಿಸಿ ಬಿಳಿಚುಕ್ಕೆಗಳನ್ನು ಎಣಿಸಿ. ಒಂದೊಂದು ಚುಕ್ಕೆಯೂ ಅಲುಗಾಡದೆ ಸಿಕ್ಕಿಕೊಂಡ ಒಂದು ಕನ್ನಡಿ. ಇಂದು ನಾಲ್ಕಿದ್ದರೆ ನಾಳೆ ನಲವತ್ತಾಗುತ್ತವೆ, ಬಿಲ್ಲೆಯನ್ನೇ ಬದಲಿಸದೆ ಗತಿಯಿಲ್ಲ. ಎಲ್.ಸಿ.ಡಿ. ಬಗೆಯದಾದರೆ ಬಿಳಿ ಪರದೆಯಲ್ಲಿ ಹಳದಿ ಅಥವಾ ನೀಲಿ ಕಲೆಗಳಿವೆಯೇ ನೋಡಿ. ಟಿ.ವಿ. ಹಚ್ಚಿದಾಗ ಸೊಳ್ಳೆ ಗುಂಯ್‌ಗುಟ್ಟಿದಂತೆ ಸದ್ದು ಬಂದರೆ ಬಣ್ಣದ ಚಕ್ರದ ಬೇರಿಂಗ್ ಸವೆದಿದೆಯೆಂದು ಅರ್ಥ. ಇವೆಲ್ಲಕ್ಕೂ ಮೊದಲು, ತಂದೆಯವರು ಎಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಹತ್ತಿರ ಕೂರುತ್ತಾರೆಂಬುದನ್ನು ಅಳೆದಿಟ್ಟುಕೊಳ್ಳಿ.

ಅದೇ ಅಳತೆ ಹೊಸ ಟಿ.ವಿ.ಗೂ ಬೇಕು. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. 50, 55 ಇಂಚಿನ ಎಲ್.ಇ.ಡಿ. ಟಿ.ವಿ. ಈಗ ಸಾಧಾರಣ ಮನೆಗೂ ಭಾರವಲ್ಲ. ಆದರೆ ಅವುಗಳಲ್ಲೂ ಎರಡು ಜಾತಿಯ ಫಲಕಗಳಿವೆ. ವಿ.ಎ. ಫಲಕದಲ್ಲಿ ಕಪ್ಪು ಗಾಢ, ಆದರೆ ಓರೆಯಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ. ಐ.ಪಿ.ಎಸ್. ಫಲಕದಲ್ಲಿ ಓರೆಯಿಂದಲೂ ಬಣ್ಣ ನಿಲ್ಲುತ್ತದೆ, ಕಪ್ಪು ತುಸು ಬೂದಿ. ಓಎಲ್‌ಇಡಿಯಲ್ಲಿ ಎರಡೂ ಚೆನ್ನು, ಬೆಲೆಯೊಂದನ್ನು ಬಿಟ್ಟು. ನಾನಂತೂ ಅಂಗಡಿಗೆ ಹೋದರೆ ಈಗಲೂ ಟಿ.ವಿ.ಯ ಎದುರು ನೆಲದ ಮೇಲೆ ಕುಳಿತೇ ನೋಡುತ್ತೇನೆ. ಕಳೆದ ವರ್ಷ ಮಾರಾಟದ ಹುಡುಗನೊಬ್ಬ ತಲೆಸುತ್ತು ಬಂತೆಂದು ಭಾವಿಸಿ ನೀರು ತಂದುಕೊಟ್ಟ.

ನೂರು ಇಂಚಿನ ಆಸೆಯುಳ್ಳವರಿಗೆ 'ಲೇಸರ್ ಟಿ.ವಿ.' ಎಂಬುದೊಂದಿದೆ. ಗೋಡೆಗೆ ಒಂದು ಗೇಣು ದೂರದಲ್ಲಿಟ್ಟ ಪುಟ್ಟ ಪೆಟ್ಟಿಗೆ ಕೆಳಗಿನಿಂದ ಮೇಲಕ್ಕೆ ಬೆಳಕು ಚೆಲ್ಲುತ್ತದೆ. ಪೆಟ್ಟಿಗೆಯನ್ನೂ ಸುರುಳಿ ಪರದೆಯನ್ನೂ ನಮ್ಮ ಕಟ್ಟಡಗಳ ಲಿಫ್ಟಿನಲ್ಲಿ ಒಯ್ಯಬಹುದು, ನೂರು ಇಂಚಿನ ಗಾಜಿನ ಫಲಕವನ್ನು ಒಯ್ಯಲಾಗದು. ಲೇಸರಿನ ಆಯುಷ್ಯ 20,000 ಗಂಟೆ ಎನ್ನುತ್ತಾರೆ, ದಿನಕ್ಕೆ ಐದು ಗಂಟೆಯಂತೆ ಹನ್ನೊಂದು ವರ್ಷ. ಆದರೆ ಚಾವಣಿಯ ದೀಪದ ಬೆಳಕನ್ನು ನುಂಗುವ ವಿಶೇಷ ಪರದೆ ಇಲ್ಲದಿದ್ದರೆ ಹಗಲಿನಲ್ಲಿ ಚಿತ್ರ ಬಿಳಿಚಿಕೊಳ್ಳುತ್ತದೆ. ಆ ಪರದೆಗೂ ತನ್ನದೇ ಆದ ದಿಕ್ಕಿನ ಪಕ್ಷಪಾತವಿದೆ. ಏಳೂಕಾಲು ಅಡಿ ಅಗಲ, ನಾಲ್ಕಡಿ ಎತ್ತರದ ಖಾಲಿ ಗೋಡೆಯೂ ಬೇಕು. ಅದು ನನ್ನ ಮನೆಯಲ್ಲಿಲ್ಲ.

ಕೊನೆಯದಾಗಿ, ಆ ಸಂಬಂಧಿಕರಿಗೂ ಒಂದು ಸೂಚನೆ ತಲುಪಿಸಿ. ಹಳೆಯ ಸೆಟ್ಟನ್ನು ಗುಜರಿಯವನಿಗೆ ಕೊಡದೆ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಲಿ. ದೀಪದಲ್ಲಿ ಪಾದರಸವಿದೆ, ಒಡೆಯಬಾರದು. ಪರದೆಯನ್ನು ಬಿಚ್ಚಿದರೆ ಫ್ರೆನೆಲ್ ಮಸೂರ ಬೇರೆಯಾಗಿ ಬರುತ್ತದೆ. ನೋಡಲು ಸಾದಾ ಪ್ಲಾಸ್ಟಿಕ್ ಹಾಳೆ, ಬಿಸಿಲಿಗೆ ಹಿಡಿದರೆ 50 ಇಂಚಿನ ಭೂತಗನ್ನಡಿ. ಅದನ್ನು ಬಾಲ್ಕನಿಯಲ್ಲಿ ಒರಗಿಸಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಒಣಹಾಕಿದ ಬಟ್ಟೆಗೆ ಬೆಂಕಿ ಹತ್ತಬಹುದು. ಬಿಚ್ಚಿದವರು ಅದನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ಒಳಗಿಡಲಿ.